ಹೊಡೆದುಹಾಕಿದ ಒಂದಕ್ಷರ



ಇಂಗ್ಲಿಷು ವ್ಯಾಕರಣಕ್ಕೂ ಈ ಅಂಕಣಕ್ಕೂ ಏನು ಸಂಬಂಧವೆಂದು ಹಿರಿಯರು ಕೆಲವರು ಹುಬ್ಬೇರಿಸಬಹುದು. ಪ್ರಸಾದನಿಲಯದ ಹುಡುಗರ ಅರ್ಜಿಗಳನ್ನು ತಿದ್ದಿಕೊಡುವ ಕೆಲಸ ನಮ್ಮ ಪಾಲಿಗೆ ಬಂದು ಬಹಳ ವರ್ಷಗಳಾದವು. ಮಠದ ಪಾಠಶಾಲೆಯಲ್ಲಿ ಸಂಸ್ಕೃತದ ಶಬ್ದರೂಪಗಳನ್ನು ಉರುಹೊಡೆದು ಬೆಳೆದ ನಮಗೆ ಇಂಗ್ಲಿಷು ತಡವಾಗಿ, ಅದೂ ಪುಸ್ತಕದ ಮೂಲಕ ಬಂದದ್ದು. ಆದರೂ ಹುಡುಗರಿಗೆ ನಮ್ಮಲ್ಲಿ ನಂಬಿಕೆ. ಆ ನಂಬಿಕೆಗೆ ನಾವು ಎಸಗಿದ ಒಂದು ಅಪಚಾರವನ್ನು ಹೇಳಿಕೊಳ್ಳದೆ ಈ ವಿಷಯವನ್ನು ಬರೆಯಲಾರೆವು.

ಲೆಕ್ಕಪತ್ರ ಬರೆಯುವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ಹುಡುಗನೊಬ್ಬ ‘ಐ ಹ್ಯಾವ್ ಎ ಲಿಟಲ್ ನಾಲೆಡ್ಜ್ ಆಫ್ ಅಕೌಂಟ್ಸ್’ ಎಂದು ಬರೆದು ತಂದಿದ್ದ. ‘ನಾಲೆಡ್ಜ್’ ಎಂಬುದು ಎಣಿಕೆಗೆ ಸಿಗದ ನಾಮಪದ. ಅಂಥದಕ್ಕೆ ‘ಎ’ ಹತ್ತಬಾರದೆಂಬ ಸೂತ್ರ ನಮಗೆ ಕಂಠಸ್ಥವಾಗಿತ್ತು. ಕೆಂಪು ಶಾಯಿಯಿಂದ ಆ ‘ಎ’ಯನ್ನು ಹೊಡೆದುಹಾಕಿದೆವು. ಹಾಗೆ ಮಾಡಿದಾಗ ವಾಕ್ಯಕ್ಕೆ ಇನ್ನಷ್ಟು ವಿನಯ ಬಂದಂತೆಯೂ ತೋರಿತು.

ಅಲ್ಲಿಯೇ ನಾವು ಎಡವಿದ್ದು. ಆ ‘ಎ’ ‘ನಾಲೆಡ್ಜ್’ಗೆ ಸೇರಿದ್ದಲ್ಲ, ‘ಲಿಟಲ್’ಗೆ ಸೇರಿದ್ದು. ‘ಎ ಲಿಟಲ್’ ಎಂದರೆ ಸ್ವಲ್ಪ ಉಂಟು. ಬರಿಯ ‘ಲಿಟಲ್’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಎಣಿಸಬಹುದಾದ ವಸ್ತುಗಳಲ್ಲಿ ‘ಎ ಫ್ಯೂ’ ಮತ್ತು ‘ಫ್ಯೂ’ಗಳ ನಡುವೆಯೂ ಇದೇ ಅಂತರ. ಸಂದರ್ಶನಕ್ಕೆ ಕುಳಿತಿದ್ದ ಅಧಿಕಾರಿ, “ಲೆಕ್ಕ ಬಾರದೆಂದು ನೀನೇ ಬರೆದುಕೊಂಡಿದ್ದೀಯಲ್ಲಪ್ಪ” ಎಂದು ನಕ್ಕರಂತೆ. ಕೆಲಸ ಬೇರೆಯವರ ಪಾಲಾಯಿತು. ತಿದ್ದಿದವರು ಗುರುಗಳು ಎಂದು ಹುಡುಗ ಅಲ್ಲಿಯೂ ಹೇಳಲಿಲ್ಲ, ಹಿಂದಿರುಗಿ ಬಂದು ನಮಗೂ ಹೇಳಲಿಲ್ಲ. ಆರು ತಿಂಗಳ ಮೇಲೆ ಅವನ ಕೋಣೆಯ ಸಂಗಾತಿಯಿಂದ ತಿಳಿದಾಗ ಆ ದಿನದ ಪ್ರಸಾದ ನಮ್ಮ ಗಂಟಲಿನಿಂದ ಇಳಿಯಲಿಲ್ಲ.

ಅಂದಿನಿಂದ ಈ ಆರ್ಟಿಕಲ್‌ಗಳ ಬೆನ್ನು ಹತ್ತಿದೆವು. (ಕೆಲವರು ಇವನ್ನು ಉಪಪದವೆನ್ನುವುದುಂಟು, ಸಂಸ್ಕೃತ ವ್ಯಾಕರಣದಲ್ಲಿ ಆ ಮಾತಿಗೆ ಬೇರೆ ಅರ್ಥವಿರುವುದರಿಂದ ನಾವು ಬಳಸುವುದಿಲ್ಲ.) ಸಂಸ್ಕೃತದಲ್ಲಿ ಇವಿಲ್ಲ, ಲ್ಯಾಟಿನ್ನಿನಲ್ಲಿ ಇಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಾಗಲಿ, 1604ರಲ್ಲಿ ಭಟ್ಟಾಕಳಂಕನು ರಚಿಸಿದ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಾಗಲಿ ಇವಕ್ಕೆಂದು ಪ್ರಕರಣವಿಲ್ಲ. ಆದರೆ ಇವು ಮಾಡುವ ಕೆಲಸವನ್ನು ಕನ್ನಡ ಮಾಡದೆ ಬಿಟ್ಟಿಲ್ಲ. ‘ಪುಸ್ತಕ ತಂದೆ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ಸಾಮಾನ್ಯವಾಗಿ ಕೇಳುವವನಿಗೂ ಗೊತ್ತಿರುವ ಪುಸ್ತಕ. ಇಂಗ್ಲಿಷಿನವರು ‘ಎ’ ಮತ್ತು ‘ದಿ’ಗಳಿಂದ ಹೇಳುವುದನ್ನು ನಮ್ಮ ದ್ವಿತೀಯಾ ವಿಭಕ್ತಿಯೇ ಹೇಳಿ ಮುಗಿಸುತ್ತದೆ. ‘ಹುಡುಗ ಬಂದ’ ಮತ್ತು ‘ಹುಡುಗನೊಬ್ಬ ಬಂದ’ ಎಂಬಲ್ಲಿಯೂ ಹೀಗೆಯೇ. ಮಕ್ಕಳಿಗೆ ಮೊದಲು ಇದನ್ನು ತೋರಿಸಿ ಅನಂತರ ‘ದಿ’ ಕಲಿಸಿದರೆ ಅರ್ಧ ಭಯ ಹೋಗುತ್ತದೆ.

‘ದಿ’ ಎಂಬುದು ಹಿಂದೆ ನಮ್ಮ ‘ಆ’, ‘ಅದು’ ಎಂಬಂತಹ ನಿರ್ದೇಶಕ ಶಬ್ದವಾಗಿತ್ತು; ‘ಆ್ಯನ್’ ಎಂಬುದು ‘ಒಂದು’ ಎಂಬ ಸಂಖ್ಯೆಯೇ. ಸ್ವರದ ಮುಂದೆ ‘ಎ’ಗೆ ‘ನ್’ ಸೇರುತ್ತದೆಂದು ಶಾಲೆಯಲ್ಲಿ ಹೇಳಿಕೊಡುವರಷ್ಟೆ. ನಡೆದದ್ದು ತಿರುವುಮುರುವು: ‘ನ್’ ಮೊದಲಿನಿಂದ ಇತ್ತು, ವ್ಯಂಜನದ ಮುಂದೆ ಲೋಪವಾಯಿತು. ಈ ಗೊಂದಲದಲ್ಲಿ ಕೆಲವು ನಾಮಪದಗಳು ತಮ್ಮ ಮೊದಲಕ್ಷರವನ್ನೇ ಕಳೆದುಕೊಂಡಿವೆ. ಅಡುಗೆಯವರು ಕಟ್ಟಿಕೊಳ್ಳುವ ಏಪ್ರನ್ ಮೊದಲು ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಎಂಬುದು ಕಿವಿಯಲ್ಲಿ ‘ಆ್ಯನ್ ಏಪ್ರನ್’ ಆಯಿತು. ಕ್ರಿಕೆಟ್ಟಿನ ಅಂಪೈರ್ ಮಹಾಶಯನೂ ಹೀಗೆಯೇ ‘ನ’ಕಾರ ಕಳೆದುಕೊಂಡವನು, ಆ ಮಾತಿನ ಮೂಲಾರ್ಥ ಇಬ್ಬರಿಗೂ ಜೊತೆಯಲ್ಲದ ಮೂರನೆಯವನು. ಸಂಧಿ ಬಿಡಿಸುವಲ್ಲಿ ತಪ್ಪುವುದು ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಲ್ಲವೆಂದು ತಿಳಿದು ನಮಗೆ ಸಮಾಧಾನವಾಯಿತು.

‘ಎ’ಯೋ ‘ಆ್ಯನ್’ನೋ ಎಂಬ ಸಂಶಯಕ್ಕೆ ಕನ್ನಡದ ಮಕ್ಕಳಿಗೆ ಸುಲಭೋಪಾಯವುಂಟು. ಮುಂದಿನ ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆದುನೋಡಿ. ‘ಅವರ್’ ಸ್ವರದಿಂದ ಮೊದಲಾಯಿತು, ‘ಎಂ.ಎ.’ ಕೂಡ, ಇವಕ್ಕೆ ‘ಆ್ಯನ್’. ‘ಯೂನಿವರ್ಸಿಟಿ’ಯ ಮೊದಲಿಗೆ ಯಕಾರ, ಅದಕ್ಕೆ ‘ಎ’. ಆದರೆ ನಮ್ಮ ನಾಲಗೆ ‘ಎಗ್’ ಅನ್ನು ‘ಯೆಗ್’ ಎನ್ನುವ ಹಟ ಬಿಡಬೇಕು.

ಇನ್ನು ‘ಫೋರ್ ಟ್ರೀ’ ಎಂದು ಬರೆದ ಮಗುವನ್ನು ಗದರುವ ತಾಯಂದಿರು ಒಂದು ಕ್ಷಣ ತಾಳಬೇಕು. ‘ನಾಲ್ಕು ಮರ’, ‘ಹತ್ತು ರೂಪಾಯಿ’ ಎನ್ನುವುದು ನಮ್ಮ ಮಾತಿನ ನಡೆ; ಸಂಖ್ಯೆ ಹೇಳಿದ ಮೇಲೆ ‘ಗಳು’ ಬೇಕಾಗುವುದಿಲ್ಲ. ಮಗು ಕನ್ನಡದ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದೆ, ಅಷ್ಟೆ. ಅದಕ್ಕೆ ಪ್ರತಿಯಾಗಿ ಅಂಗಡಿ ಹಲಗೆಗಳ ಮೇಲಿನ ‘ಫರ್ನಿಚರ್ಸ್’ ಇಂಗ್ಲಿಷಿಗೆ ಬೇಡದ ಬಹುವಚನ. ಅಡ್ವೈಸ್, ಇನ್ಫರ್ಮೇಷನ್, ಲಗೇಜ್ ಇವೂ ಅದೇ ಗುಂಪು.

ನಾಮಪದದ ಮೊದಲಿಗೆ ಇಂಗ್ಲಿಷು ಹಾಕುವುದು ಒಂದೇ ಮಣೆ. ‘ಎ’ ಕುಳಿತರೆ ‘ಮೈ’ ಕೂಡುವಂತಿಲ್ಲ. ‘ನನ್ನ ಒಬ್ಬ ಗೆಳೆಯ’ ಎಂಬುದು ಅಲ್ಲಿ ‘ಎ ಫ್ರೆಂಡ್ ಆಫ್ ಮೈನ್’ ಎಂದು ಸುತ್ತಿಬರಬೇಕು. ಮಗ ಓದಲು ಹೋಗುವುದು ‘ಟು ಸ್ಕೂಲ್’. ತಂದೆ ಶುಲ್ಕ ಕಟ್ಟಲು ಹೋಗುವುದು ‘ಟು ದಿ ಸ್ಕೂಲ್’. ನದಿಗೆ ‘ದಿ’ ಉಂಟು, ಪರ್ವತಶ್ರೇಣಿಗೆ ಉಂಟು, ಎವರೆಸ್ಟ್ ಶಿಖರಕ್ಕಿಲ್ಲ. ಇಂಥವಕ್ಕೆ ಕಾರಣ ಕೇಳುತ್ತ ಕೂಡದೆ ಅಮರಕೋಶದಂತೆ ಬಾಯಿಪಾಠ ಮಾಡುವುದೇ ಲೇಸು.

ಆ ಹುಡುಗ ಈಗ ಎರಡು ಮಕ್ಕಳ ತಂದೆ. ಸ್ವಂತ ಅಂಗಡಿ ಇಟ್ಟುಕೊಂಡು ತನ್ನ ಲೆಕ್ಕ ತಾನೇ ಬರೆಯುತ್ತಾನೆ. ಹೋದ ತಿಂಗಳು ಮಗಳ ಕಾಲೇಜಿನ ಅರ್ಜಿಯನ್ನು ತಿದ್ದಿಸಲು ನಮ್ಮಲ್ಲಿಗೇ ಕಳುಹಿಸಿದ್ದ. ಅದರ ಎರಡನೆಯ ಸಾಲಿನಲ್ಲಿ ಒಂದು ‘ಎ ಫ್ಯೂ’ ಇತ್ತು. ಮೂರು ಸಲ ಓದಿದೆವು. ಅದನ್ನು ಮುಟ್ಟದೆ ಹಾಗೆಯೇ ಹಿಂದಿರುಗಿಸಿದೆವು.