ಸದ್ದಿನ ಲೆಕ್ಕ ಲೈಸೆನ್ಸ್ ಕೊಡುವಾಗಲೇ ಆಗಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ಪೇಟೆಗಳು ಮುಖ್ಯ ರಸ್ತೆಗಳ ಗುಂಟ ಉದ್ದಕ್ಕೆ ಬೆಳೆಯುತ್ತಿವೆ. ರಸ್ತೆಗೆ ಹತ್ತಿದ ಎನ್.ಎ. ಪ್ಲಾಟುಗಳಲ್ಲಿ ಅಂಗಡಿ, ಮಂಗಲ ಕಾರ್ಯಾಲಯ, ಹೋಟೆಲ್, ಫ್ಯಾಬ್ರಿಕೇಶನ್ ಶೆಡ್ ಏಳುತ್ತವೆ. ಅವುಗಳ ಬೆನ್ನಿಗೇ ಮನೆಗಳ ಸಾಲು, ನಡುವೆ ಒಂದೇ ಕಂಪೌಂಡ್ ಗೋಡೆ. ಗಿರಾಕಿಗಳಿಗೆ ಕಿರಿಕಿರಿ ಆಗಬಾರದೆಂದು ಜನರೇಟರ್, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್, ಏಸಿಯ ಹೊರಗಿನ ಯಂತ್ರ ಎಲ್ಲವನ್ನೂ ಹಿತ್ತಲಿಗೆ ತಳ್ಳುತ್ತಾರೆ. ಆ ಹಿತ್ತಲಿನಾಚೆಗೇ ಇನ್ನೊಬ್ಬರು ಮಲಗುವ ಕೋಣೆಯ ಕಿಟಕಿ. ಹುಕ್ಕೇರಿಯಲ್ಲಿ ಕರೆಂಟ್ ಹಂಚುವುದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಗೋಕಾಕದಲ್ಲಿ ಹೆಸ್ಕಾಂ. ಯಾರ ಲೈನ್ ಹೋದರೂ ಮೊದಲು ಗುಡುಗುವುದು ಈ ಹಿತ್ತಲೇ. ಈ ಗದ್ದಲವನ್ನು ನಾವು ಪೊಲೀಸರ ಕೆಲಸ ಎಂದುಕೊಂಡಿದ್ದೇವೆ. ನಿಜವಾಗಿ ಇದು ನಗರಸಭೆ, ಪುರಸಭೆಗಳ ಕೆಲಸ. ಕಟ್ಟಡ ಪರವಾನಗಿ ಮತ್ತು ಉದ್ದಿಮೆ ಲೈಸೆನ್ಸ್ ಕೊಡುವ ಮೇಜಿನ ಮೇಲೆಯೇ ಮುಗಿಯಬೇಕಾದದ್ದು.

ಕಾನೂನಿನ ಅಂಕಿಗಳೇ ಇದನ್ನು ಹೇಳುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ ಇದು 65 ಮತ್ತು 55. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಇನ್ನು ಡೀಸೆಲ್ ಜನರೇಟರ್: ಅದನ್ನು ಶಬ್ದನಿರೋಧಕ ಪೆಟ್ಟಿಗೆಯೊಳಗೇ ಇಡಬೇಕು, ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬಲ್ ಮೀರಬಾರದು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂದರೆ ನಿಯಮಕ್ಕೆ ತಕ್ಕಂತಿರುವ ಜನರೇಟರ್ ಕೂಡ ಹತ್ತು ಮೀಟರ್ ದೂರದ ಕಿಟಕಿಗೆ ಸುಮಾರು 55 ಡೆಸಿಬಲ್ ಮುಟ್ಟಿಸುತ್ತದೆ; ಎರಡು ಗೋಡೆಗಳ ನಡುವಿನ ಸಂದಿಯಲ್ಲಾದರೆ ಇನ್ನೂ ಹೆಚ್ಚು. ರಾತ್ರಿಯ ಮಿತಿಗಿಂತ ಇದು ಹತ್ತು ಡೆಸಿಬಲ್ ಮೇಲೆ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸರಿಸುಮಾರು ಇಮ್ಮಡಿ ಅನಿಸುತ್ತದೆ. ಇಲ್ಲಿ ಯಂತ್ರದ್ದೇನೂ ತಪ್ಪಿಲ್ಲ, ಮಾಲೀಕನೂ ಜನರೇಟರಿನ ನಿಯಮ ಮುರಿದಿಲ್ಲ. ತಪ್ಪಿದ್ದು ಜಾಗ. ಜಾಗ ಗೊತ್ತಾಗುವುದು ನಕ್ಷೆಯಲ್ಲಿ, ನಕ್ಷೆ ಬರುವುದು ಪುರಸಭೆಗೆ.

ದೂರನ್ನೇ ನಂಬಿ ಕೂತರೆ ಏನಾಗುತ್ತದೆ? ನಿಯಮಗಳ ಪ್ರಕಾರ ಸದ್ದು ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚಾದಾಗ ದೂರು ಕೊಡಬಹುದು. ಮನೆಯವನ ಹತ್ತಿರ ಅದನ್ನು ಅಳೆಯುವ ಮೀಟರ್ ಇರುವುದಿಲ್ಲ. ಮೇಲಾಗಿ ಸಣ್ಣ ಊರಿನಲ್ಲಿ ಕಾರ್ಯಾಲಯದ ಮಾಲೀಕ ಪರಿಚಯದವನೇ, ಬಹಳ ಸಲ ಬೀಗನೋ ಸೊಸೈಟಿಯ ನಿರ್ದೇಶಕನೋ ಆಗಿರುತ್ತಾನೆ. ಅವನ ಮೇಲೆ ಠಾಣೆಗೆ ಹೋಗುವುದೆಂದರೆ ಓಣಿಯಲ್ಲಿ ವೈರ ಕಟ್ಟಿಕೊಂಡಂತೆ. ಕಟ್ಟಡ ಎದ್ದ ಮೇಲೆ ಯಂತ್ರ ಸರಿಸುವ ಖರ್ಚೂ ದೊಡ್ಡದು. ಅದೇ ನಕ್ಷೆಯ ಹಂತದಲ್ಲಾದರೆ ಜನರೇಟರನ್ನು ರಸ್ತೆಯ ಬದಿಗೆ ತರುವುದು ಕಾಗದದ ಮೇಲೆ ಗೆರೆ ಬದಲಿಸಿದಷ್ಟೇ. ಇದೇನೂ ಹೊಸ ಬೇಡಿಕೆಯಲ್ಲ. ಊರು ಯೋಜಿಸುವಾಗ ಶಬ್ದಮಾಲಿನ್ಯವನ್ನೂ ಜೀವನ ಗುಣಮಟ್ಟದ ಒಂದು ಅಳತೆಯಾಗಿ ಪರಿಗಣಿಸಬೇಕೆಂದು ಅದೇ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಇಪ್ಪತ್ತೈದು ವರ್ಷಗಳ ಹಿಂದೆಯೇ ಹೇಳಿವೆ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 1885ರದು. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆ ಕಬ್ಬು ನುರಿಸಿದರೆ ರೈತರ ಮನೆಯಲ್ಲಿ ಒಲೆ ಉರಿಯುತ್ತದೆ. ಸದ್ದಿಲ್ಲದೆ ದುಡಿಮೆ ಎಲ್ಲಿಯದು ಎಂದು ಕೇಳುವವರಿದ್ದಾರೆ. ಮಾತು ಸರಿ, ಆದರೆ ಕಾರ್ಖಾನೆ ಎಲ್ಲಿದೆ ಎಂಬುದು ಸುತ್ತ ಮನೆ ಕಟ್ಟುವವರಿಗೆ ಮೊದಲೇ ಗೊತ್ತು, ಅದರ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಣ್ಣೂ ಇದೆ. ಮನೆ ಕಟ್ಟಿ ವರ್ಷಗಳಾದ ಮೇಲೆ ಪಕ್ಕದಲ್ಲಿ ಏಳುವ ಶೆಡ್ಡಿಗೆ ಈ ಎರಡೂ ಅನ್ವಯಿಸುವುದಿಲ್ಲ. ಜಾತ್ರೆ, ಮದುವೆ ಬೇಡವೇ ಎಂಬುದು ಇನ್ನೊಂದು ಪ್ರಶ್ನೆ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾತ್ರಿ 12ರವರೆಗೆ ಧ್ವನಿವರ್ಧಕ ಬಳಸಲು ವರ್ಷಕ್ಕೆ ಹೆಚ್ಚೆಂದರೆ 15 ದಿನ ಸರ್ಕಾರ ರಿಯಾಯಿತಿ ಕೊಡಬಹುದು. ಆ ರಿಯಾಯಿತಿ ಊರಿನ ಹಬ್ಬಕ್ಕೆ, ಮುಹೂರ್ತವಿದ್ದ ದಿನವೆಲ್ಲ ಡಿಜೆ ಹಚ್ಚುವ ಬಾಡಿಗೆ ವ್ಯವಹಾರಕ್ಕಲ್ಲ. ಸಣ್ಣ ವ್ಯಾಪಾರಿಗೆ ಖರ್ಚಿನ ಹೊರೆ ಎಂಬ ಆಕ್ಷೇಪ ಮಾತ್ರ ತೂಕದ್ದು. ಅದಕ್ಕೇ ಹಳೆಯ ಅಂಗಡಿಗಳಿಗೆ ಎರಡು ಮೂರು ವರ್ಷ ಕಾಲಾವಕಾಶ ಕೊಟ್ಟು, ಹೊಸ ಕಟ್ಟಡಗಳಿಗೆ ತಕ್ಷಣ ಷರತ್ತು ಹಾಕುವುದು ನ್ಯಾಯ.

ಷರತ್ತುಗಳೂ ಹೇಳಿಕೊಳ್ಳುವಂಥ ದೊಡ್ಡವಲ್ಲ. ಜನರೇಟರ್, ಎಕ್ಸಾಸ್ಟ್ ಎಲ್ಲಿ ಇರುತ್ತವೆ, ಹತ್ತಿರದ ಮನೆಯ ಕಿಟಕಿಗೆ ಎಷ್ಟು ಮೀಟರ್ ಎಂಬುದನ್ನು ನಕ್ಷೆಯಲ್ಲಿ ಗುರುತಿಸಲಿ. ಕಾರ್ಯಾಲಯದ ಸಭಾಂಗಣಕ್ಕೆ ಮುಚ್ಚಿದ ಗೋಡೆ, ಜೋಡಿ ಬಾಗಿಲು ಇರಲಿ. ಗ್ರೈಂಡರ್, ಕಟರ್ ಓಡಿಸುವ ವೇಳೆಯನ್ನು ಲೈಸೆನ್ಸಿನಲ್ಲೇ ಬರೆಯಲಿ. ನವೀಕರಣಕ್ಕೆ ಬಂದಾಗ ಇಷ್ಟನ್ನು ನೋಡಿ ಸಹಿ ಹಾಕಲಿ. ಇದಕ್ಕೆ ಡೆಸಿಬಲ್ ಮೀಟರೂ ಬೇಕಿಲ್ಲ, ಅಳತೆ ಟೇಪ್ ಸಾಕು. ಗೋಕಾಕದ ಹಳೆ ಪೇಟೆಯಲ್ಲಿ ಇದು ನಿಧಾನಕ್ಕೆ ಆಗುವ ಕೆಲಸ. ಕೆಲವು ವರ್ಷಗಳ ಹಿಂದಷ್ಟೇ ತಾಲ್ಲೂಕು ಕೇಂದ್ರವಾದ ಮೂಡಲಗಿಯಲ್ಲಿ ಕಚೇರಿ, ಬಡಾವಣೆ, ಮಳಿಗೆಗಳು ಇನ್ನೂ ಏಳುತ್ತಿವೆ. ಅಲ್ಲಿ ಇಂದಿನಿಂದಲೇ ಶುರು ಮಾಡಬಹುದು. ಹೊಸ ಕಾಯ್ದೆ ಬೇಡ, ಪುರಸಭೆಯ ಒಂದು ಠರಾವು ಸಾಕು.