ಹೊಟ್ಟೆ ಆಪರೇಷನ್ನಿನ ಏಳನೇ ವರ್ಷ

ಆಪರೇಷನ್ ಆಗಿ ವರ್ಷ ತುಂಬಿದಾಗ ತೆಗೆದ ಫೋಟೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತದೆ. ಎಡಗಡೆ ದಪ್ಪ, ಬಲಗಡೆ ಸಪೂರ. ಆಸ್ಪತ್ರೆಗಳ ಜಾಹೀರಾತಿನಲ್ಲೂ ಅದೇ ಬಗೆಯ ಫೋಟೋ. ಏಳನೇ ವರ್ಷದ ಫೋಟೋ ಮಾತ್ರ ಯಾರೂ ಹಾಕುವುದಿಲ್ಲ. ನಾವು ಬರೆಯುತ್ತಿರುವುದು ಆ ಏಳನೇ ವರ್ಷದ ಬಗ್ಗೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ಇದ್ದಾರೆ, ಹೇಳಿಕೊಳ್ಳುವವರು ಕಡಿಮೆ. ಹೊಟೇಲ್ ಕೆಲಸಕ್ಕೆಂದು ಬೆಂಗಳೂರು, ಮುಂಬೈ ಸೇರಿದ ಊರು ನಮ್ಮದು. ಬೆಳಗ್ಗೆ ಐದಕ್ಕೆ ಶಟರ್ ಎತ್ತಿ, ದಿನವಿಡೀ ಗಲ್ಲೆಯಲ್ಲಿ ಕೂತು, ರಾತ್ರಿ ಹನ್ನೊಂದೂವರೆಗೆ ಉಂಡು ಹಾಗೇ ಮಲಗುವ ಬದುಕು. ನಲ್ವತ್ತಕ್ಕೆಲ್ಲ ಶುಗರ್, ಬಿಪಿ, ಮಂಡಿನೋವು, ನಿದ್ರೆಯಲ್ಲಿ ಉಸಿರು ಕಟ್ಟುವುದು. ಕೊನೆಗೆ ಅಲ್ಲೇ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಗುತ್ತದೆ. ಊರಿಗೆ ಬಂದಾಗ "ಹರ್ನಿಯಾ ಆಪರೇಷನ್ ಆಯ್ತ್" ಅಂದುಬಿಡುತ್ತಾರೆ. ಹಾಗಂದವರು ನಮಗೇ ಇಬ್ಬರು ಗೊತ್ತು.

ಅವರು ಮುಚ್ಚಿಡುವುದರಲ್ಲಿ ಅರ್ಥ ಇಲ್ಲವೆಂದಲ್ಲ. ದಪ್ಪ ಇದ್ದಾಗ ನಕ್ಕ ಊರೇ ಸಪೂರ ಆದ ಮೇಲೂ ನಗುತ್ತದೆ. "ತಿಂಬುದ್ ಬಿಡುಕ್ ಆಯ್ಲಿಲ್ಲ, ಹೊಟ್ಟೆ ಕೊಯ್ಸ್ಕಂಡ" ಎಂದು ಬಸ್ ಸ್ಟ್ಯಾಂಡಿನಲ್ಲೇ ಹೇಳುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಈ ಆಪರೇಷನ್ ಸೋಮಾರಿಗಳ ಅಡ್ಡದಾರಿ ಅಲ್ಲ. ಆದರೆ ಮಾಡಿಸಿಕೊಂಡವರು ಊರಿಗೆ ಬಂದು ಬದುಕಲು ಬೇಕಾದ ವ್ಯವಸ್ಥೆ ನಮ್ಮ ಕ್ಲಿನಿಕ್ಕಿನಲ್ಲೂ ಇಲ್ಲ, ಮೆಡಿಕಲ್ ಶಾಪಿನಲ್ಲೂ ಇಲ್ಲ, ಮದುವೆ ಹಾಲಿನಲ್ಲಂತೂ ಇಲ್ಲವೇ ಇಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡರು. ವಯಸ್ಸು ಬರೀ 21. ಆವತ್ತಿನಿಂದ ನಮ್ಮ ಕಡೆ ತೂಕದ ಆಪರೇಷನ್ ಅಂದ ಕೂಡಲೇ ಜನರಿಗೆ ಆ ಹುಡುಗಿಯ ಮುಖ ನೆನಪಾಗುತ್ತದೆ. ಅದು ಚರ್ಮದ ಅಡಿಯ ಕೊಬ್ಬನ್ನು ಹೀರಿ ತೆಗೆಯುವ ಅಂದದ ಚಿಕಿತ್ಸೆ. ನಾವು ಹೇಳುತ್ತಿರುವ ಬೇರಿಯಾಟ್ರಿಕ್ ಆಪರೇಷನ್ ಬೇರೆ. ಇದರಲ್ಲಿ ಮುಟ್ಟುವುದು ಜಠರವನ್ನು. 'ಸ್ಲೀವ್' ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯನ್ನಷ್ಟೇ ಉಳಿಸುತ್ತಾರೆ. 'ಬೈಪಾಸ್' ಎಂಬುದರಲ್ಲಿ ಜಠರದ ಮೇಲ್ತುದಿಯಲ್ಲಿ ಮೊಟ್ಟೆ ಗಾತ್ರದ ಸಣ್ಣ ಚೀಲ ಮಾಡಿ, ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಕೇಂದ್ರ ಸಚಿವ ನಿತಿನ್ ಗಡ್ಕರಿ 2011ರಲ್ಲಿ ಇಂಥ ಆಪರೇಷನ್ ಮಾಡಿಸಿಕೊಂಡರು, ಅರುಣ್ ಜೇಟ್ಲಿ 2014ರಲ್ಲಿ. ದೊಡ್ಡವರ ಸುದ್ದಿ ಪೇಪರಿನಲ್ಲಿ ಬರುತ್ತದೆ, ನಮ್ಮವರದ್ದು ಹರ್ನಿಯಾ ಆಗುತ್ತದೆ.

ವರ್ಷಗಳು ಕಳೆದ ಮೇಲೆ ಏನಾಗುತ್ತದೆ ಎಂದು ಬಹಳ ತಾಳ್ಮೆಯಿಂದ ನೋಡಿದವರು ಸ್ವೀಡನ್ ದೇಶದವರು. 1987ರಲ್ಲಿ ಶುರುಮಾಡಿ, ಆಪರೇಷನ್ ಆದ ಸುಮಾರು 2000 ಜನರನ್ನೂ ಆಗದ ಅಷ್ಟೇ ಜನರನ್ನೂ ದಶಕಗಳ ಕಾಲ ಹಿಂಬಾಲಿಸಿದರು. ಆಪರೇಷನ್ ಆದವರ ತೂಕ 2 ವರ್ಷಕ್ಕೆ ಸರಾಸರಿ ನೂರಕ್ಕೆ 23ರಷ್ಟು ಇಳಿದಿತ್ತು. 10 ವರ್ಷಕ್ಕೆ ನೋಡಿದರೆ ಇಳಿಕೆ ನೂರಕ್ಕೆ 17. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 120 ಕಿಲೋ ಇದ್ದವರು 92ಕ್ಕೆ ಇಳಿದು, ಮತ್ತೆ 100ರ ಹತ್ತಿರ ಬಂದು ನಿಲ್ಲುತ್ತಾರೆ. ಶುಗರ್ ಇದ್ದವರಲ್ಲಿ ನೂರಕ್ಕೆ 72 ಜನರಿಗೆ 2 ವರ್ಷದ ಹೊತ್ತಿಗೆ ಅದು ಮಾಯ. 10 ವರ್ಷದ ಹೊತ್ತಿಗೆ ಹಾಗೆ ಉಳಿದವರು ನೂರಕ್ಕೆ 36. ಆಗ ಮಾಡಿದ ಆಪರೇಷನ್‌ಗಳಲ್ಲಿ ಹೆಚ್ಚಿನವು ಈಗ ಕೈಬಿಟ್ಟ ಹಳೇ ವಿಧಾನದವು, ಅದನ್ನೂ ಹೇಳಬೇಕು. ಆದರೂ ಆಪರೇಷನ್ ಆದವರು ಆಗದವರಿಗಿಂತ ಸರಾಸರಿ 3 ವರ್ಷ ಹೆಚ್ಚು ಬದುಕಿದರು ಎಂದು ಅದೇ ಅಧ್ಯಯನ 2020ರಲ್ಲಿ ಹೇಳಿತು. ಸಾಮಾನ್ಯ ಜನರಷ್ಟು ಆಯಸ್ಸು ಮಾತ್ರ ಅವರಿಗೂ ಸಿಗಲಿಲ್ಲ.

ಈ ಅಂಕಿಗಳನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ಐದಾರು ವರ್ಷಕ್ಕೆ ಎಂಟು ಹತ್ತು ಕಿಲೋ ಮರಳಿ ಬಂದ ಕೂಡಲೇ ಊರಲ್ಲಿ "ಆಪರೇಷನ್ ಫೇಲ್" ಎಂಬ ಮಾತು ಹುಟ್ಟುತ್ತದೆ. ಆ ಮಾತಿಗೆ ಹೆದರಿ ಜನ ಡಾಕ್ಟರ ಹತ್ತಿರ ಹೋಗುವುದನ್ನೇ ಬಿಡುತ್ತಾರೆ. ಬೈಯುತ್ತಾರೆ ಎಂಬ ಅಂಜಿಕೆ. ಬೆಂಗಳೂರಿಗೆ ರಾತ್ರಿ ಬಸ್ಸು, ಒಂದು ದಿನದ ರಜೆ, ಸಾವಿರಾರು ರೂಪಾಯಿಯ ರಕ್ತಪರೀಕ್ಷೆ ಬೇರೆ. ಹೋಗುವುದು ನಿಂತಿತೆಂದರೆ ಮಾತ್ರೆಯೂ ನಿಂತಿತು.

ತೊಂದರೆ ಇರುವುದು ಅಲ್ಲಿ. ಬಿ12 ಎಂಬ ವಿಟಮಿನ್ ತೆಗೆದುಕೊಳ್ಳಿ. ಅದನ್ನು ಮೀನು, ಮೊಟ್ಟೆ, ಹಾಲಿನಿಂದ ಬಿಡಿಸಲು ಜಠರದ ಆಮ್ಲ ಬೇಕು, ಕರುಳು ಹೀರಿಕೊಳ್ಳಲು ಜಠರವೇ ಬಿಡುವ ಇನ್ನೊಂದು ರಸ ಬೇಕು. ಜಠರವೇ ಕಾಲುಭಾಗ ಆದರೆ ಎರಡೂ ಕಡಿಮೆ. ಆದರೆ ಪಿತ್ತಜನಕಾಂಗದಲ್ಲಿ ಬಿ12ರ ದಾಸ್ತಾನು ಕೆಲವು ವರ್ಷಗಳಿಗೆ ಸಾಲುವಷ್ಟು ಇರುತ್ತದೆ. ಹಾಗಾಗಿ ಮಾತ್ರೆ ಬಿಟ್ಟವರಿಗೆ ಮೊದಲೆರಡು ವರ್ಷ ಏನೂ ಆಗುವುದಿಲ್ಲ. "ಮಾತ್ರೆ ಇಲ್ದೆ ಆರಾಮಿತ್" ಎನ್ನುತ್ತಾರೆ. ಮೂರು ನಾಲ್ಕನೇ ವರ್ಷ ಪಾದ ಜೋಮು ಹಿಡಿಯುತ್ತದೆ, ಚಪ್ಪಲಿ ಕಾಲಿಂದ ಜಾರಿದ್ದು ತಿಳಿಯುವುದಿಲ್ಲ, ಮರೆವು, ಸುಸ್ತು. ಶುಗರ್ ಇದ್ದವರಾದರೆ ಎಲ್ಲರೂ "ಶುಗರಿಂದ ನರ ವೀಕ್" ಎಂದು ಅಲ್ಲಿಗೇ ಬಿಡುತ್ತಾರೆ. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೂ ಬಿ12 ಇಳಿಸುತ್ತದೆ, ಅದು ಬೇರೆ. ಬಹಳ ತಡವಾದರೆ ನರದ ಪೆಟ್ಟು ಪೂರ್ತಿ ವಾಪಸ್ಸು ಬಾರದು. ಒಂದು ಇಂಜೆಕ್ಷನ್ನಿನಿಂದ ತಡೆಯಬಹುದಾದ ಸಂಗತಿ ಇದು.

ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಕಥೆಯೂ ಹೆಚ್ಚುಕಡಿಮೆ ಇದೇ. ಮುಟ್ಟಾಗುವ ಹೆಂಗಸರಲ್ಲಿ ರಕ್ತ ಕಡಿಮೆಯಾಗುವುದು ಇನ್ನೂ ಬೇಗ. ಕಬ್ಬಿಣದ ಮಾತ್ರೆ ನುಂಗಿ ಮೇಲಿಂದ ಚಾ ಕುಡಿದರೆ ಅರ್ಧ ಕೆಲಸ ಹಾಳು. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಬೇಕು. ಇದನ್ನು ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ, ಅದು ಬೀರುವಿನ ಒಳಗೆ ಇರುತ್ತದೆ.

ಇನ್ನು ನಮ್ಮ ಊರಿನ ಗ್ಲೂಕೋಸ್ ಪ್ರೀತಿ. ಸುಸ್ತು ಅಂದರೆ ಒಂದು ಬಾಟ್ಲಿ, ವಾಂತಿ ಅಂದರೆ ಎರಡು ಬಾಟ್ಲಿ. ಬಾಟ್ಲಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ! ಆದರೆ ಹೊಟ್ಟೆ ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿಯಾಗಿದ್ದರೆ ಥಯಾಮಿನ್ ಎಂಬ ವಿಟಮಿನ್ ಬಿ1 ತಳ ಮುಟ್ಟಿರುತ್ತದೆ. ಆ ಸ್ಥಿತಿಯಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೇ ಪೆಟ್ಟು ಬೀಳಬಹುದು. ಕಣ್ಣು ಅತ್ತಿತ್ತ ಆಡುವುದು, ನಡೆ ತಪ್ಪುವುದು, ಗಲಿಬಿಲಿ. ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಆದರೆ ಎದುರಿಗೆ ಇರುವವರಿಗೆ ಆಪರೇಷನ್ ಆಗಿದೆ ಎಂಬುದೇ ಗೊತ್ತಿಲ್ಲದಿದ್ದರೆ ಡಾಕ್ಟರಾದರೂ ಏನು ಮಾಡಿಯಾರು? "ಹರ್ನಿಯಾ" ಎಂಬ ಸುಳ್ಳು ಬಸ್ ಸ್ಟ್ಯಾಂಡಿನಲ್ಲಿ ನಡೆಯುತ್ತದೆ, ಕ್ಲಿನಿಕ್ಕಿನಲ್ಲಿ ನಡೆಯಬಾರದು.

ಬೈಪಾಸ್ ಆದವರಿಗೆ ಇನ್ನೆರಡು ಸಂಗತಿ. ಮಂಡಿನೋವಿಗೆ, ತಲೆನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬಗೆಯ ಮಾತ್ರೆ ಹೊಸ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಲ್ಲದು. ಎರಡನೆಯದು, ವರ್ಷಗಳ ನಂತರವೂ ಒಮ್ಮೆಗೇ ಜೋರು ಹೊಟ್ಟೆನೋವು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರಬಾರದು. ಒಳಗೆ ಕರುಳು ಸಂದಿಯಲ್ಲಿ ಸಿಕ್ಕಿಕೊಂಡಿರಬಹುದು. ಸ್ಕ್ಯಾನಿಂಗ್ ಮತ್ತು ಸರ್ಜನ್ ಇರುವ ಆಸ್ಪತ್ರೆಗೆ ಅದೇ ದಿನ ಹೋಗಬೇಕು.

ಊಟದ ವಿಷಯಕ್ಕೆ ಬರೋಣ. ನಮ್ಮ ಕಡೆ ಪ್ರೀತಿ ಎಲ್ಲ ಎಲೆಯ ಮೇಲೇ ಇರುವುದು. ಮದುವೆ, ನಾಗಮಂಡಲ, ದೇವಸ್ಥಾನದ ಸಂತರ್ಪಣೆ, ಎಲ್ಲಿ ಹೋದರೂ "ಹ್ವಾಯ್, ಎಂತ ಇಷ್ಟೇ ಉಂಬ್ದಾ? ಇನ್ನೊಂಚೂರ್ ಹಾಕ್ಸ್ಕಣಿ". ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಪಾಯಸ ಬೀಳುತ್ತದೆ. ಬೈಪಾಸ್ ಆದವರು ಒಂದು ಹೋಳಿಗೆ, ಮೇಲಿಂದ ಪಾಯಸ ಸುರಿದುಕೊಂಡರೆ ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ಕಿವುಚುವುದು. ಕೆಲವರಿಗೆ ಒಂದೆರಡು ಗಂಟೆ ಕಳೆದು ರಕ್ತದ ಸಕ್ಕರೆ ಒಮ್ಮೆಗೇ ಬಿದ್ದು ಕಣ್ಣು ಕತ್ತಲೆ ಬರುತ್ತದೆ. ಆ ಹೊತ್ತಿಗೆ ಅವರು ಬೈಕಿನಲ್ಲಿ ಹೈವೇಯಲ್ಲಿ ಇರುತ್ತಾರೆ. ನಮಗೆ ಗೊತ್ತಿರುವ ಒಬ್ಬರು ಈಗ ಮದುವೆಗೆ ಮುಯ್ಯಿ ಕೊಟ್ಟು ಊಟಕ್ಕೆ ಮೊದಲೇ ಹೊರಟುಬಿಡುತ್ತಾರೆ. "ಉಂಡಿಕಿ ಹೋಯ್ನಿ" ಎಂದು ಗೇಟಿನವರೆಗೆ ಬಂದು ಕರೆಯುವವರಿಗೆ ಏನು ಹೇಳುವುದೆಂದು ತಿಳಿಯದೆ, ಅವರು ಈಗೀಗ ಮದುವೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದಾರೆ.

ಗಂಜಿಯೂ ಒಂದು ಸಮಸ್ಯೆ ಅಂದರೆ ನಮ್ಮ ಅಜ್ಜಿಯಂದಿರು ಎದ್ದು ಬಂದಾರು. ಆದರೂ ಹೇಳಬೇಕು. ಸಣ್ಣ ಚೀಲದ ಹೊಟ್ಟೆಗೆ ಕುಚ್ಚಲಕ್ಕಿ ಗಂಜಿಯ ತೆಳಿ ತುಂಬಿದರೆ ಮೀನಿಗೆ ಜಾಗ ಇರುವುದಿಲ್ಲ. ದಿನಕ್ಕೆ ಕಮ್ಮಿ ಎಂದರೂ 60 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತಾರೆ ಡಾಕ್ಟರುಗಳು. ಇಲ್ಲವಾದರೆ ಕರಗುವುದು ಕೊಬ್ಬಲ್ಲ, ಮಾಂಸಖಂಡ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ. ಗಂಗೊಳ್ಳಿ ಬಂದರು ಪಕ್ಕದಲ್ಲೇ ಇರುವಾಗ ದುಬಾರಿ ಪೌಡರ್ ಡಬ್ಬಕ್ಕೆ ಓಡಬೇಕಿಲ್ಲ. ಮೀನು ಮೊದಲು, ಅನ್ನ ಆಮೇಲೆ, ನೀರು ಅರ್ಧ ಗಂಟೆ ಬಿಟ್ಟು. ಮೀನು ತಿನ್ನದವರು ಬೇಳೆ, ಮೊಸರು, ಪನೀರ್, ಹೆಸರುಕಾಳು ಎಂದು ಇನ್ನೂ ಹೆಚ್ಚು ಲೆಕ್ಕ ಹಾಕಬೇಕಾಗುತ್ತದೆ.

ಕುಡಿತದ ಬಗ್ಗೆ ಎರಡೇ ಮಾತು. ಆಪರೇಷನ್ ಆದ ಮೇಲೆ ಮದ್ಯ ಬೇಗ ರಕ್ತಕ್ಕೆ ಏರುತ್ತದೆ. ಬೈಪಾಸ್ ಆದವರಲ್ಲಿ ಎರಡನೇ ವರ್ಷದಿಂದ ಕುಡಿತದ ಚಟ ಹೆಚ್ಚುವುದನ್ನು ಅಮೆರಿಕದ ಅಧ್ಯಯನವೇ ಗುರುತಿಸಿದೆ. ಮನಸ್ಸು ಕುಗ್ಗಿದರೆ ಸರಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಹೆಂಗಸರಿಗೆ ಕಷ್ಟ ಒಂದು ಕೈ ಜಾಸ್ತಿಯೇ. ಸಪೂರ ಆದರೆ ಮದುವೆ ಆಗುತ್ತದೆ ಎಂದು ಆಪರೇಷನ್ ಮಾಡಿಸಿ, ಹುಡುಗನ ಮನೆಯವರಿಗೆ ಹೇಳದೆ, ಮದುವೆ ಆದ ಕೂಡಲೇ ಮಗುವಿನ ಒತ್ತಾಯ. ಆಪರೇಷನ್ ಆಗಿ ಕಮ್ಮಿ ಎಂದರೂ ವರ್ಷ, ಒಂದೂವರೆ ವರ್ಷ ಬಸಿರು ಮುಂದೂಡಬೇಕು. ಬಸಿರಾದಾಗ ಶುಗರ್ ನೋಡಲು 75 ಗ್ರಾಂ ಗ್ಲೂಕೋಸಿನ ನೀರು ಕುಡಿಸುವ ಪರೀಕ್ಷೆ ಇದೆಯಲ್ಲ, ಅದು ಬೈಪಾಸ್ ಆದವರನ್ನು ಅಲ್ಲೇ ಮಲಗಿಸಬಹುದು. ಬೆರಳಿನಿಂದ ರಕ್ತ ತೆಗೆದು ಕೆಲವು ದಿನ ನೋಡುವ ದಾರಿ ಇದೆ. ಅತ್ತೆ ಪಕ್ಕದಲ್ಲಿ ಕೂತಿರುವಾಗ ಸೊಸೆ ನರ್ಸಿಗೆ ಈ ಸಂಗತಿ ಹೇಳಬೇಕಲ್ಲ, ಹೇಗೆ ಹೇಳುತ್ತಾಳೆ?

ದುಡ್ಡಿನ ಲೆಕ್ಕ ನೋಡಿ. ವಿಮಾ ಪ್ರಾಧಿಕಾರದ ನಿಯಮದ ಪ್ರಕಾರ ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಹೃದಯದ ಕಾಯಿಲೆ, ಹತೋಟಿಗೆ ಬಾರದ ಶುಗರ್, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ ಇದ್ದವರಿಗೆ ಷರತ್ತಿನ ಮೇಲೆ ಈ ಆಪರೇಷನ್ನಿಗೆ ವಿಮೆ ಸಿಗುತ್ತದೆ. 5 ಅಡಿ 3 ಇಂಚು ಎತ್ತರದವರಿಗೆ 40 ಅಂದರೆ ಸುಮಾರು 102 ಕಿಲೋ. ಆದರೆ ಆಮೇಲೆ ಜೀವಮಾನವಿಡೀ ಬೇಕಾಗುವ ಮಾತ್ರೆ, ರಕ್ತಪರೀಕ್ಷೆ ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ. ಜೋತುಬಿದ್ದ ಚರ್ಮ, ಅದರ ಸಂದಿಯಲ್ಲಿ ನಮ್ಮ ಕರಾವಳಿಯ ಬೆವರಿಗೆ ಏಳುವ ಹುಣ್ಣು, ಅದಕ್ಕೆ ಚಿಕಿತ್ಸೆ ಕೇಳಿದರೆ "ಅಂದಕ್ಕೆ" ಎಂಬ ಉತ್ತರ ಬರುತ್ತದೆ. ಆಪರೇಷನ್ ಮಾಡಿಸಲು ಹೊರಟವರು ಇದನ್ನೂ ಸೇರಿಸಿ ಲೆಕ್ಕ ಹಾಕಬೇಕು. 2025ರಲ್ಲಿ ಬಂದ ತೂಕದ ಇಂಜೆಕ್ಷನ್‌ಗಳ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಅವೂ ನಿಲ್ಲಿಸಿದರೆ ತೂಕ ಮರಳುವ ಮದ್ದುಗಳೇ.

ಆರೋಗ್ಯ ಇಲಾಖೆಯಿಂದ ನಾವು ದೊಡ್ಡದೇನೂ ಕೇಳುತ್ತಿಲ್ಲ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಫಾರಂ ಹಿಡಿದು ಬರುತ್ತಾರೆ, ಸೊಂಟದ ಸುತ್ತಳತೆ ಕೇಳುತ್ತಾರೆ, ಬೀಡಿ ಕುಡಿತ ಕೇಳುತ್ತಾರೆ. ಅದೇ ಫಾರಂನಲ್ಲಿ "ಜಠರದ ಆಪರೇಷನ್ ಆಗಿದೆಯೇ, ಯಾವ ವರ್ಷ" ಎಂಬ ಒಂದು ಸಾಲು ಸೇರಲಿ. ತಾಲೂಕು ಆಸ್ಪತ್ರೆಯಲ್ಲಿ ಇಂಥವರಿಗೆ ವರ್ಷಕ್ಕೊಮ್ಮೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡುವ ಹಾಗಾಗಲಿ. ಆಪರೇಷನ್ ಮಾಡುವ ಆಸ್ಪತ್ರೆಗಳು ಡಿಸ್ಚಾರ್ಜ್ ದಿನ ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಪ್ಯಾಕೇಜಿನ ಜಾಹೀರಾತು ಕನ್ನಡದಲ್ಲಿ ಚೆನ್ನಾಗಿಯೇ ಬರೆಯುತ್ತಾರಲ್ಲ!

ಅದು ಆಗುವವರೆಗೆ, ನೀವೋ ನಿಮ್ಮ ಮನೆಯವರೋ ಆಪರೇಷನ್ ಆದವರಾದರೆ, ಒಂದು ಚೀಟಿಯಲ್ಲಿ ಇಷ್ಟು ಬರೆಸಿ: ಯಾವ ಆಪರೇಷನ್, ಸ್ಲೀವೋ ಬೈಪಾಸೋ. ಯಾವ ವರ್ಷ, ಯಾವ ಆಸ್ಪತ್ರೆ. ವಾಂತಿಯಾಗಿದ್ದರೆ ಗ್ಲೂಕೋಸಿಗೆ ಮೊದಲು ಥಯಾಮಿನ್. ನೋವಿನ ಮಾತ್ರೆ ಡಾಕ್ಟರನ್ನು ಕೇಳದೆ ಬೇಡ. ಜೋರು ಹೊಟ್ಟೆನೋವಾದರೆ ಸ್ಕ್ಯಾನಿಂಗ್. ಕೊನೆಗೆ ಮನೆಯವರ ಫೋನ್ ನಂಬರ್. ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಳ್ಳಿ.