ಹೈಟ್ ಇಲ್ಲ ಅನ್ನೋ ನೆಪ

ದೀಪಾವಳಿ ರಜೆಗೆ ಊರಿಗೆ ಹೋದಾಗ ಕಡೂರಲ್ಲಿ ಒಂದು ಬಾಸ್ಕೆಟ್‌ಬಾಲ್ ಮ್ಯಾಚ್ ಆಡಿ ಸೋತು ಬಂದ್ವಿ. ಕಡೂರಿನವರು ಇಬ್ಬರು, ತರೀಕೆರೆಯವರು ಇಬ್ಬರು, ಅಜ್ಜಂಪುರದಿಂದ ನಾನು. ಎಲ್ಲರೂ ಬೆಂಗಳೂರಲ್ಲಿ ಕೀಬೋರ್ಡ್ ಕುಟ್ಟೋರೇ. ಸೋತಿದ್ದಕ್ಕೆ ಬೇಜಾರಿಲ್ಲ. ಆಮೇಲೆ ಟೀ ಕುಡೀತಾ ನಮ್ಮವರು ಕೊಟ್ಟ ಕಾರಣಕ್ಕೆ ಮೈ ಉರೀತು: "ನಮ್ಮಲ್ಲಿ ಹೈಟ್ ಇಲ್ಲ ಗುರು, ರಿಂಗ್ ಕೆಳಗೆ ಏನ್ ಮಾಡಕ್ಕಾಗತ್ತೆ?"

ರಿಂಗ್ 3.05 ಮೀಟರ್ ಎತ್ತರದಲ್ಲಿದೆ, ಉದ್ದ ಇದ್ದೋನಿಗೆ ಅದು ಹತ್ತಿರ, ಒಪ್ಪಿದೆ. ಆದರೆ ಆವತ್ತು ಎದುರಾಳಿಗಳಲ್ಲಿ ಆರಡಿ ದಾಟಿದವನು ಒಬ್ಬನೇ. ನಮ್ಮನ್ನು ಮುಗಿಸಿದ್ದು ನನ್ನಷ್ಟೇ ಇದ್ದ ಇನ್ನೊಬ್ಬ, ಅದೂ ನನ್ನ ಪಕ್ಕದಿಂದಲೇ ನುಗ್ಗಿ ನುಗ್ಗಿ. ನಾನೋ, ಮಂಡಿ ಬಗ್ಗಿಸದೆ ಬಸ್‌ಗೆ ಕಾಯೋನ ಹಾಗೆ ನಿಂತಿದ್ದೆ. ಹಿಂದಿನಿಂದ ಸಹಾಯಕ್ಕೆ ಬರಬೇಕಾದವನು ಬರಲಿಲ್ಲ. ಬಂದಾಗ ಅವನು ಬಿಟ್ಟ ಜಾಗ ತುಂಬೋಕೆ ಮತ್ತೊಬ್ಬ ಕದಲಲಿಲ್ಲ. ಶಾಟ್ ಮಿಸ್ ಆದರೆ ಐದೂ ಜನ ಕತ್ತೆತ್ತಿ ಬಾಲ್ ನೋಡ್ತಿದ್ವಿ, ಎದುರಾಳಿಗೂ ರಿಂಗಿಗೂ ನಡುವೆ ಬೆನ್ನು ಕೊಟ್ಟು ನಿಲ್ಲೋರು ಯಾರೂ ಇಲ್ಲ. ಇದರಲ್ಲಿ ಹೈಟ್ ಎಲ್ಲಿಂದ ಬಂತು ಸ್ವಾಮಿ?

ರೂಲ್ಸ್ ಕೂಡ ನಮ್ಮ ಕಡೆಗೇ ಇದೆ. ಎನ್‌ಬಿಎಯಲ್ಲಿ ಡಿಫೆಂಡರ್ ಯಾರನ್ನೂ ಕಾಯದೆ ರಿಂಗ್ ಮುಂದಿನ ಪೇಂಟ್‌ನಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ತಪ್ಪು. ನಾವಾಡುವ ಫಿಬಾ ನಿಯಮದಲ್ಲಿ ಆ ಮೂರು ಸೆಕೆಂಡು ಬಾಲ್ ಇರೋ ತಂಡಕ್ಕೆ ಮಾತ್ರ. ಡಿಫೆಂಡರ್ ಅಲ್ಲೇ ಬೇರು ಬಿಟ್ಟರೂ ಕೇಳೋರಿಲ್ಲ. 4.9 ಮೀಟರ್ ಅಗಲದ ಜಾಗ, ನಮ್ಮನೆ ಅಡಿಕೆ ಕಣಕ್ಕಿಂತ ಚಿಕ್ಕದು. ಅದನ್ನು ಐದು ಜನ ಕಾಯೋಕಾಗಲ್ವಾ?

ಡೆನಿಸ್ ರಾಡ್‌ಮನ್ 1992ರಿಂದ 1998ರವರೆಗೆ ಸತತ ಏಳು ಸೀಸನ್ ಎನ್‌ಬಿಎ ರಿಬೌಂಡಿಂಗ್‌ನಲ್ಲಿ ಮೊದಲಿಗ. 6 ಅಡಿ 7 ಇಂಚು. ನಮ್ಮ ಪಾಲಿಗೆ ದೈತ್ಯನೇ, ಆದರೆ ಅವನು ಬಾಲ್ ಕಿತ್ತುಕೊಳ್ತಿದ್ದುದು ಏಳಡಿಯವರ ಮಧ್ಯೆ.

ನಿಜಕ್ಕೂ ಹೊಟ್ಟೆ ಉರಿಯೋದು ಏನಂದ್ರೆ, ಇದೆಲ್ಲ ನಮಗೆ ಗೊತ್ತಿತ್ತು. ಹೈಸ್ಕೂಲಲ್ಲಿ ಐದೂ ಜನ ಕಬಡ್ಡಿ ಆಡಿದವರು. ಕಾರ್ನರ್‌ನವನು ಕಾಲು ಹಿಡಿದ ಕ್ಷಣ ಕವರ್‌ನವನು ಮೇಲೆ ಬೀಳದಿದ್ರೆ ಪಿಟಿ ಮೇಷ್ಟ್ರು ಬೆತ್ತ ತಗೋತಿದ್ರು. ನಮಗಿಂತ ಒಂದೂವರೆ ಪಟ್ಟು ಇದ್ದ ರೈಡರನ್ನೂ ಕೈಗೆ ಕೈ ಕೊಟ್ಟು ಚೈನ್ ಹಾಕಿ ಕೆಡವಿದ್ದೀವಿ. ಬೆಂಗಳೂರಿಗೆ ಬಂದು ಒಳ್ಳೆ ಶೂಸ್ ತಗೊಂಡ ಮೇಲೆ ಸ್ಟೆಫ್ ಕರಿ ಥರ ದೂರದಿಂದ ಎಸೆಯೋದು ಕಲಿತ್ವಿ, ಬಗ್ಗಿ ನಿಲ್ಲೋದು ಮರೆತ್ವಿ. ಬಗ್ಗಿ ನಿಂತಿದ್ದನ್ನ ಯಾರೂ ರೀಲ್ ಮಾಡಲ್ವಲ್ಲ!

ಈ ನೆಪ ನಮ್ಮ ಐವರಲ್ಲೇ ಉಳಿದಿದ್ರೆ ಇಷ್ಟು ಬರೀತಿರಲಿಲ್ಲ. ಟೀ ಅಂಗಡಿ ಬೆಂಚಲ್ಲಿ ಅಕ್ಕನ ಮಗ ಕೂತಿದ್ದ, ಎಂಟನೇ ಕ್ಲಾಸು. ಹೋದ ವರ್ಷ ಒಂದು ಸೆಲೆಕ್ಷನ್‌ನಲ್ಲಿ ಅವನನ್ನು ಗೋಡೆಗೆ ನಿಲ್ಲಿಸಿ, ಟೇಪ್ ಹಿಡಿದು, ಬಾಲೂ ಮುಟ್ಟಿಸದೆ ವಾಪಸ್ ಕಳಿಸಿದ್ರು. ತಪ್ಪು ಅಂತ ಆಗ ಮನೆಯಲ್ಲಿ ಕೂಗಾಡಿದ್ದು ನಾನೇ. ನಮ್ಮ ಮಾತೆಲ್ಲ ಕೇಳಿಸಿಕೊಂಡು, "ಮಾಮ, ಹಾಗಾದ್ರೆ ಅವರು ಹೇಳಿದ್ದೇ ಸರಿನಾ?" ಅಂದ. ನಾಲ್ಕೂ ಜನ ಟೀ ಲೋಟ ನೋಡ್ತಾ ಕೂತರು.

ಗೆಳೆಯರೇ, ಮುಂದಿನ ಭಾನುವಾರ ಪ್ರಾಕ್ಟೀಸಿಗೆ ಬರೋವಾಗ ಬಾಲ್ ತರಬೇಡಿ. ಹುಡುಗನನ್ನೂ ಕರ್ಕೊಂಡು ಬರ್ತೀನಿ. ಅವನು ನುಗ್ತಾನೆ, ನೀವು ತಡೀರಿ.